ಕರಿಘಟ್ಟದ ಆನೆ

ಕರಿ ಎಂದರೆ ಕಪ್ಪು. ಕರಿ ಎಂದರೆ ಆನೆಯೂ ಹೌದು. ಶ್ರೀರಂಗಪಟ್ಟಣದ ಪೂರ್ವಕ್ಕೆ, ಲೋಕಪಾವನಿ ಹೊಳೆ ಕಾವೇರಿಯನ್ನು ಸೇರುವ ಕಡೆ ನಿಂತಿರುವ ಕರಿಘಟ್ಟಕ್ಕೆ ಆ ಹೆಸರು ಬಣ್ಣದಿಂದ ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ದೊಡ್ಡವರಿಗೆ ಅಷ್ಟು ವಿವರಣೆ ಸಾಕು, ಮಗುವಿಗೆ ಸಾಲದು. ಒಂದು ಪುಸ್ತಕವನ್ನು ಊಹಿಸಿಕೊಳ್ಳಿ. ಪುಟದ ಕೆಳಗೆ ಒಂದೇ ಸಾಲು: ಇದು ನಮ್ಮೂರ ಬೆಟ್ಟ. ಮೇಲೆ ಪುಟದ ತುಂಬ ಬೆಟ್ಟದ ಚಿತ್ರ. ಆದರೆ ಆ ಬೆಟ್ಟದ ಒಂದು ಏಣು ಸೊಂಡಿಲಿನ ಹಾಗೆ ಇಳಿದು ಹೊಳೆಯ ನೀರಿಗೆ ಅದ್ದಿದೆ. ಬೆನ್ನ ಮೇಲೆ ಹತ್ತಿಹೋಗುವ ಮೆಟ್ಟಿಲುಗಳು ಆನೆಗೆ ಒರಗಿಸಿದ ಏಣಿಯಂತಿವೆ. ತುದಿಯ ಶ್ರೀನಿವಾಸನ ಗುಡಿಯೇ ಅಂಬಾರಿ. ಆನೆ ಎಂಬ ಮಾತು ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಓದಲು ಬರುವ ದೊಡ್ಡವರು ಸಾಲನ್ನು ಓದಿ ಮುಗಿಸಿ ಪುಟ ತಿರುವಲು ಹೊರಡುತ್ತಾರೆ. ಓದಲು ಬಾರದ ನಾಲ್ಕು ವರ್ಷದ್ದು ಅವರ ಕೈ ಹಿಡಿದು ನಿಲ್ಲಿಸಿ, ಇಲ್ಲಿ ಆನೆ ಇದೆ ಎಂದು ಬೆರಳಿಡುತ್ತದೆ. ಆ ಗಳಿಗೆಯಲ್ಲಿ ಅಕ್ಷರ ಬಲ್ಲವರು ಸೋತಿರುತ್ತಾರೆ, ಬಾರದವರು ಗೆದ್ದಿರುತ್ತಾರೆ. ಎಳೆಯ ಮಕ್ಕಳ ಚಿತ್ರಪುಸ್ತಕದಲ್ಲಿರುವ ಸಂತೋಷದ ಮೂಲ ಬಣ್ಣಕ್ಕಿಂತ ಹೆಚ್ಚಾಗಿ ಈ ಗೆಲುವಿನಲ್ಲಿದೆ. ಕನ್ನಡದಲ್ಲಿ ನಾವು ಈ ಸಂತೋಷವನ್ನು ಅಕ್ಷರಾಭ್ಯಾಸಕ್ಕೆ ಹಚ್ಚುವ ಜೇನುತುಪ್ಪವೆಂದು ಮಾತ್ರ ಲೆಕ್ಕ ಹಾಕಿದ್ದೇವೆ. ಆ ಲೆಕ್ಕ ತಪ್ಪು ಎಂಬುದು ಈ ಲೇಖನದ ವಾದ.

ಮೊದಲು ಎರಡು ಬಗೆಯ ಪುಸ್ತಕಗಳನ್ನು ಬೇರೆ ಮಾಡಿಕೊಳ್ಳಬೇಕು. ಚಿತ್ರಗಳಿರುವ ಪುಸ್ತಕ ಒಂದು, ಚಿತ್ರಪುಸ್ತಕ ಇನ್ನೊಂದು. ಮೊದಲನೆಯದರಲ್ಲಿ ಕಥೆಯನ್ನೆಲ್ಲ ಮಾತು ಹೇಳಿ ಮುಗಿಸಿರುತ್ತದೆ. ಚಿತ್ರ ಸೀರೆಯ ಅಂಚಿನಂತೆ, ಇದ್ದರೆ ಚೆಂದ, ಇಲ್ಲದಿದ್ದರೂ ಉಡಬಹುದು. ಎರಡನೆಯದರಲ್ಲಿ ಚಿತ್ರವನ್ನು ಕಿತ್ತರೆ ಕಥೆಯೇ ಉಳಿಯುವುದಿಲ್ಲ. ಪ್ಯಾಟ್ ಹಚಿನ್ಸ್ 1968ರಲ್ಲಿ ಮಾಡಿದ 'ರೋಸೀಸ್ ವಾಕ್' ಎಂಬ ಪುಸ್ತಕದಲ್ಲಿ ಒಟ್ಟು 32 ಪದಗಳಿವೆ. ಒಂದು ಹೇಂಟೆ ಅಂಗಳ ಸುತ್ತಿ ಊಟದ ಹೊತ್ತಿಗೆ ಮನೆಗೆ ಬಂತು ಎನ್ನುವುದಷ್ಟೇ ಅದರ ಮಾತು. ಹೇಂಟೆಯ ಹಿಂದೆಯೇ ಹೊಂಚು ಹಾಕಿ ಬರುತ್ತಿರುವ ನರಿ, ಅದು ಹೆಜ್ಜೆಹೆಜ್ಜೆಗೂ ಕೆರೆಗೆ ಬಿದ್ದು, ಹುಲ್ಲಿನ ಮೆದೆಯಲ್ಲಿ ಹೂತು, ಜೇನುಹುಳಗಳಿಂದ ಅಟ್ಟಿಸಿಕೊಂಡು ಪಡುವ ಪಾಡು, ಎಲ್ಲವೂ ಚಿತ್ರದಲ್ಲಿ ಮಾತ್ರ. ನರಿ ಎಂಬ ಪದವೇ ಇಲ್ಲ. ಮಾತು ಮುಚ್ಚಿಟ್ಟದ್ದನ್ನು ಕಣ್ಣು ಕಂಡುಹಿಡಿಯುತ್ತದೆ, ಹೇಂಟೆಗೂ ಗೊತ್ತಿಲ್ಲದ ಸಂಗತಿ ಮಗುವಿಗೆ ಗೊತ್ತಾಗುತ್ತದೆ. ಮಾರಿಸ್ ಸೆಂಡಾಕ್ 1963ರ ತನ್ನ ಹೆಸರಾಂತ ಪುಸ್ತಕದಲ್ಲಿ ಇನ್ನೊಂದು ದಾರಿ ಹಿಡಿದ. ಹುಡುಗನ ಕನಸು ಬೆಳೆದ ಹಾಗೆ ಚಿತ್ರವೂ ಪುಟದಿಂದ ಪುಟಕ್ಕೆ ದೊಡ್ಡದಾಗುತ್ತ ಹೋಗಿ, ಕಾಡುಪ್ರಾಣಿಗಳ ಕುಣಿತದ ಹೊತ್ತಿಗೆ ಮಾತು ಪೂರ್ತಿ ನಿಂತೇ ಹೋಗುತ್ತದೆ. ಇವುಗಳನ್ನು ಓದುವುದು ಕಡಿಮೆ ಕೆಲಸವಲ್ಲ. ಯಾರು ಯಾರ ಹಿಂದೆ ಇದ್ದಾರೆ, ಮುಂದಿನ ಪುಟದಲ್ಲಿ ಏನಾದೀತು, ಇವನ ಮುಖ ಯಾಕೆ ಹೀಗಿದೆ ಎಂದು ಕೇಳಿಕೊಳ್ಳುತ್ತ ಅರ್ಥ ಹೊಂದಿಸುವುದೇ ಓದು. ಅಕ್ಷರ ಅದರ ಒಂದು ಬಗೆ.

ಇದು ಹೊರಗಿನಿಂದ ಬಂದ ವಿಚಾರ ಎಂದುಕೊಳ್ಳುವವರು ಕೃಷ್ಣರಾಜಪೇಟೆಗೆ ಅಂಟಿಕೊಂಡಂತಿರುವ ಹೊಸಹೊಳಲಿಗೆ ಹೋಗಬೇಕು. 13ನೆಯ ಶತಮಾನದ ನಡುಭಾಗದಲ್ಲಿ ಕಟ್ಟಿದ ಅಲ್ಲಿನ ಲಕ್ಷ್ಮೀನಾರಾಯಣ ದೇವಾಲಯದ ಅಡಿಭಾಗದಲ್ಲಿ ಒಂದರ ಮೇಲೊಂದು ಪಟ್ಟಿಕೆಗಳು ಓಡುತ್ತವೆ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ನಡುವೆ ಕಥೆಯ ಪಟ್ಟಿ, ಮೇಲೆ ಮಕರ ಮತ್ತು ಹಂಸ. ಕಥೆಯ ಪಟ್ಟಿಯಲ್ಲಿ ರಾಮಾಯಣ, ಮಹಾಭಾರತ, ಭಾಗವತದ ಸನ್ನಿವೇಶಗಳು ಪ್ರದಕ್ಷಿಣೆ ಬರುವವನ ನಡಿಗೆಗೆ ಹೊಂದಿಕೊಂಡು ಸಾಗುತ್ತವೆ. ಗುಡಿಯನ್ನು ಬಲಕ್ಕಿಟ್ಟುಕೊಂಡು ನಡೆಯುವವನಿಗೆ ಕಥೆ ಬಲದಿಂದ ಎಡಕ್ಕೆ ಬಿಚ್ಚಿಕೊಳ್ಳುತ್ತದೆ. ಎಂದರೆ ಕನ್ನಡ ಅಕ್ಷರ ಓಡುವ ದಿಕ್ಕಿಗೆ ತದ್ವಿರುದ್ಧ. ಆ ಶಿಲ್ಪಿಗಳು ಅಕ್ಷರದ ಓದಿನ ನೆರಳಾಗಿ ಕಲ್ಲನ್ನು ಕೆತ್ತಲಿಲ್ಲ, ಕಾಲಿನ ಓದಿಗೆ ಅದರದೇ ವ್ಯಾಕರಣ ಕೊಟ್ಟರು. ಒಂದು ಸನ್ನಿವೇಶ ಮುಗಿದು ಇನ್ನೊಂದು ಶುರುವಾಗುವಲ್ಲಿ ಕಂಬವೋ ಮರವೋ ನಿಲ್ಲುತ್ತದೆ. ಗೋಡೆ ಮೂಲೆ ತಿರುಗಿದಾಗ ಮುಂದೇನು ಎಂಬ ಕುತೂಹಲ, ನಮ್ಮ ಇಂದಿನ ಪುಟ ತಿರುವುವ ಕುತೂಹಲದ ಅಣ್ಣ. ಇನ್ನೊಂದು ಮಾತು: ದೊಡ್ಡವರು ಬಗ್ಗಿ ನೋಡಬೇಕಾದ ಈ ಪಟ್ಟಿಕೆ ಮಗುವಿನ ಕಣ್ಣಿಗೆ ನೇರವಾಗಿ ಬರುತ್ತದೆ. ಶಿಲ್ಪಿಗೆ ಆ ಉದ್ದೇಶ ಇತ್ತೆಂದು ಹೇಳಲಾಗದು. ಆದರೆ ನಮ್ಮ ಶಾಲೆಗಳಲ್ಲಿ ಪುಸ್ತಕದ ಬೀರು ಎಷ್ಟು ಎತ್ತರದಲ್ಲಿದೆ ಎಂದು ನೋಡಿದಾಗ ಹೊಯ್ಸಳರ ಕಲ್ಲುಕುಟಿಗನೇ ವಾಸಿ ಅನ್ನಿಸುತ್ತದೆ.

ಕರಿಘಟ್ಟದ ಮೇಲಿನಿಂದ ಕಾಣುವ ದ್ವೀಪದಲ್ಲಿ ಇನ್ನೊಂದು ಸಾಕ್ಷಿ ಇದೆ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಕಾಳಗದ ದೊಡ್ಡ ಚಿತ್ರ. ಹಲವು ಸಲ ಹಾಳಾಗಿ, ಹಲವು ಸಲ ತಿದ್ದಿ ಬರೆಸಿಕೊಂಡರೂ ಅದರ ಕಥನದ ಜಾಣ್ಮೆ ಉಳಿದಿದೆ. ಬ್ರಿಟಿಷ್ ಸೈನಿಕರು ಚೌಕಾಕಾರವಾಗಿ ನಿಂತಿದ್ದಾರೆ, ಮದ್ದಿನ ಗಾಡಿ ಸಿಡಿಯುತ್ತಿದೆ, ಗಾಯಗೊಂಡ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ತುಟಿಗೆ ಬೆರಳಿಟ್ಟು ಕುಳಿತಿದ್ದಾನೆ. ಅತ್ತ ಟಿಪ್ಪು ಹೂದೋಟಕ್ಕೆ ಹೊರಟವನಂತೆ ಗುಲಾಬಿ ಮೂಸುತ್ತಿದ್ದಾನೆ. ಯುದ್ಧದ ಫಲಿತಾಂಶವನ್ನು ಒಂದು ಅಕ್ಷರವೂ ಇಲ್ಲದೆ ಎರಡು ಮುಖಗಳಲ್ಲಿ ಹೇಳಿಯಾಯಿತು. ನಿಜಾಮನ ದಂಡಿನ ಬಳಿ ಬರೆದಿರುವ ಹಸು ಮತ್ತು ಹಂದಿಯನ್ನು ಅವನ ಮೇಲಿನ ಗೇಲಿಯೆಂದು ವಿವರಿಸುವುದು ರೂಢಿ. ಹೊತ್ತಿಗೆ ಸರಿಯಾಗಿ ಬಾರದ ದೊರೆಯನ್ನು ಆಡಿಕೊಳ್ಳಲು ಚಿತ್ರಗಾರ ಬಳಸಿದ್ದು ಪ್ರಾಣಿಗಳನ್ನು, ಅಂದರೆ ಎಲ್ಲ ಕಾಲದ ಮಕ್ಕಳ ಪುಸ್ತಕಗಳ ಮೂಲ ಬಂಡವಾಳವನ್ನು. ಇಲ್ಲಿ ಎಚ್ಚರಿಕೆಯೂ ಬೇಕು: ಕತ್ತರಿಸಿದ ತಲೆಗಳಿರುವ ಈ ಗೋಡೆ ಮಕ್ಕಳಿಗಾಗಿ ಬರೆದದ್ದಲ್ಲ, ಗೆದ್ದವನ ಡಂಗುರ ಅದು. ಚಿತ್ರ ಸುಳ್ಳು ಹೇಳಬಲ್ಲದು, ಉಬ್ಬಿಸಬಲ್ಲದು, ಚುಚ್ಚಬಲ್ಲದು ಎಂಬುದಕ್ಕೂ ಇದೇ ಗೋಡೆ ಸಾಕ್ಷಿ. ಚಿತ್ರವನ್ನು ಓದಲು ಕಲಿಯಬೇಕಾದ್ದು ಅದಕ್ಕಾಗಿಯೂ ಹೌದು. ಚುನಾವಣೆಯ ಫ್ಲೆಕ್ಸು, ಸೋಪಿನ ಜಾಹೀರಾತು, ಫೋನಿನಲ್ಲಿ ಹರಿದಾಡುವ ತಿರುಚಿದ ಫೋಟೋ, ಇವುಗಳ ನಡುವೆ ಬೆಳೆಯುವ ಮಗುವಿಗೆ ಅಕ್ಷರಜ್ಞಾನದಷ್ಟೇ ಚಿತ್ರಜ್ಞಾನವೂ ಬೇಕಲ್ಲವೇ?

ಇನ್ನು ಅಜ್ಜಿ ಕಥೆಯ ಆಕ್ಷೇಪ. ಚಿತ್ರ ಮಗುವಿನ ಕಲ್ಪನೆಯನ್ನು ಕಟ್ಟಿಹಾಕುತ್ತದೆ, ನಮ್ಮ ಅಜ್ಜಿಯರು ಕತ್ತಲಲ್ಲಿ ಬರೀ ದನಿಯಲ್ಲಿ ರಾಕ್ಷಸನನ್ನು ಕಟ್ಟಿ ನಿಲ್ಲಿಸುತ್ತಿದ್ದರು, ಅದಕ್ಕೆ ಬಣ್ಣದ ಕಾಗದ ಬೇಕಿರಲಿಲ್ಲ ಎಂದು ಹಿರಿಯರು ಹೇಳುವುದುಂಟು. ಮಾತಿನಲ್ಲಿ ಹುರುಳಿದೆ. ಆದರೆ ಅದೇ ಊರುಗಳಲ್ಲಿ ತೊಗಲುಗೊಂಬೆಯಾಟವೂ ಇತ್ತೆಂಬುದನ್ನು ಅವರು ಮರೆಯುತ್ತಾರೆ. ಕರ್ನಾಟಕದ ತೊಗಲುಗೊಂಬೆಯ ವಿಶೇಷವೆಂದರೆ ಒಂದೇ ಚರ್ಮದ ಹಾಳೆಯಲ್ಲಿ ಒಂದು ಇಡೀ ಸನ್ನಿವೇಶವನ್ನು ಬಿಡಿಸುವುದು: ರಾಜ, ಸಿಂಹಾಸನ, ಚಾಮರ ಬೀಸುವವರು, ಮೇಲೊಂದು ಮರ, ಎಲ್ಲ ಒಟ್ಟಿಗೆ. ಕೈಕಾಲು ಆಡಿಸುವ ಬಿಡಿ ಗೊಂಬೆಗಳ ಜೊತೆಗೆ ಇಂಥ ಹಾಳೆಯನ್ನು ಪರದೆಗೆ ಒತ್ತಿ ನಿಲ್ಲಿಸಿ, ಹಿಂದಿನ ದೀಪದ ಬೆಳಕಿನಲ್ಲಿ ಬಣ್ಣ ಹೊಳೆಯುವಾಗ ಕಿಳ್ಳೇಕ್ಯಾತರು ಪದ ಹೇಳುತ್ತಾರೆ, ಮಾತು ಹೆಣೆಯುತ್ತಾರೆ. ಹಾಳೆ ತೆಗೆದು ಇನ್ನೊಂದು ಹಿಡಿಯುತ್ತಾರೆ. ಇದು ಪುಟ ತಿರುವಿದಂತೆಯೇ. ಅಲ್ಲಿ ಚಿತ್ರ ದನಿಯನ್ನು ಕೊಂದಿರಲಿಲ್ಲ, ದನಿ ಚಿತ್ರಕ್ಕೆ ಕಾಯುತ್ತಿತ್ತು. ಎಳೆಯ ಮಕ್ಕಳ ಚಿತ್ರಪುಸ್ತಕವೂ ಮೂಲತಃ ಇಬ್ಬರು ಸೇರಿ ಓದುವ ಪುಸ್ತಕ, ಒಂದು ಮಡಿಲು, ಒಂದು ಬಾಯಿ, ಎರಡು ಜೊತೆ ಕಣ್ಣು. ಅದು ಅಜ್ಜಿಯ ಎದುರಾಳಿಯಲ್ಲ, ಅಜ್ಜಿ ಇಲ್ಲದೆ ಅದು ನಡೆಯುವುದೇ ಇಲ್ಲ.

ಇಲ್ಲಿಯೇ ನನ್ನ ವಾದದ ಮುಖ್ಯ ಗಂಟು ಇರುವುದು. ನಾಗಮಂಗಲ, ಪಾಂಡವಪುರ, ಕೃಷ್ಣರಾಜಪೇಟೆಯ ಹಳ್ಳಿಗಳಲ್ಲಿ ಹಗಲು ಮಗುವನ್ನು ನೋಡಿಕೊಳ್ಳುವ ಹಿರಿಯರಲ್ಲಿ ಅಕ್ಷರ ಬಾರದವರು ಇನ್ನೂ ಇದ್ದಾರೆ. ಬರೀ ಅಕ್ಷರದ ಪುಸ್ತಕವನ್ನು ಆ ಮನೆಗೆ ಕೊಟ್ಟರೆ ಅಜ್ಜಿ ಅದನ್ನು ಗೌರವದಿಂದ ಗೂಡಿನಲ್ಲಿಟ್ಟು ಕೈಮುಗಿದಾಳು. ಚಿತ್ರಪುಸ್ತಕ ಕೊಟ್ಟರೆ ಅವಳು ಓದಬಲ್ಲಳು. ಪುಟ ನೋಡುತ್ತ ತನ್ನ ಮಾತಿನಲ್ಲೇ ಕಥೆ ಕಟ್ಟಬಲ್ಲಳು: 'ಇದ್ಯಾವುದ್ಲಾ ಇದು, ನಮ್ ಕೊಟ್ಟಿಗೇಲಿ ಕಟ್ಟಿರೋ ಕರು ಇದ್ದಂಗದೆ.' ಅಚ್ಚಾದ ಗ್ರಾಂಥಿಕ ಕನ್ನಡ ಅಲ್ಲಿಗೆ ಮಂಡ್ಯದ ಕನ್ನಡವಾಗಿ ಬಿಡುತ್ತದೆ, ಯಾರ ಅಪ್ಪಣೆಯೂ ಬೇಕಿಲ್ಲ. ಅಕ್ಷರ ಬಾರದ ಹಿರಿಯರೂ ಅಕ್ಷರ ಕಲಿಯದ ಕಿರಿಯರೂ ಸಮಾನವಾಗಿ ಕೂತು ಓದಬಹುದಾದ ಪುಸ್ತಕ ಬೇರೆ ಯಾವುದಿದೆ? ಪಟ್ಟಣದ ಓದಿದ ತಂದೆತಾಯಿಗೆ ಚಿತ್ರಪುಸ್ತಕ ಒಂದು ಹೆಚ್ಚಿನ ಸುಖ ಇರಬಹುದು. ಇಂಥ ಮನೆಗಳಿಗೆ ಅದು ಪುಸ್ತಕವೆಂಬ ವಸ್ತುವಿಗೆ ಇರುವ ಮೊದಲ ಬಾಗಿಲು. ವಿಚಿತ್ರವೆಂದರೆ ಆ ಬಾಗಿಲು ತೆರೆದಿರುವುದು ಹೆಚ್ಚಾಗಿ ಪಟ್ಟಣದವರಿಗೇ.

ಹೀಗಾಗಲು ಕಾರಣವಿದೆ. ಕನ್ನಡದ ಶಿಶುಸಾಹಿತ್ಯ ಹುಟ್ಟಿದ್ದು ಕಿವಿಗಾಗಿ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯ ಕುವೆಂಪು, ಇವರೆಲ್ಲ ಲಯದ ಗಾರುಡಿಗರು. ಅವರ ಪದ್ಯಗಳು ಪುಸ್ತಕ ಹರಿದುಹೋದ ಮೇಲೂ ನಾಲಿಗೆಯಲ್ಲಿ ಉಳಿದವು, ಅದು ಸಣ್ಣ ಸಾಧನೆಯಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆ, ಈ ನಾಲ್ಕು ತಾಲ್ಲೂಕುಗಳೇ ಮೇಲುಕೋಟೆಯ ಪು.ತಿ.ನ., ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್, ಬೆಳ್ಳೂರಿನ ಬಿ.ಎಂ.ಶ್ರೀ. ಅವರಂಥ ಮಾತಿನ ದೊರೆಗಳನ್ನು ಕೊಟ್ಟಿವೆ. ಕಣ್ಣಿಗಾಗಿ ದುಡಿದವರೂ ಇದ್ದರು. ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಚಿತ್ರಗಳೊಂದಿಗೆ ತಂದರು. 1948ರಲ್ಲಿ ಕನ್ನಡಕ್ಕೆ ಬಂದ 'ಚಂದಮಾಮ'ದ ಮುಖಪುಟಗಳಿಗೆ ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಚಿತ್ರಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡ ತಲೆಮಾರೇ ಇದೆ. ಅದೇ ಪತ್ರಿಕೆಗೆ ಶಂಕರ್ ಬರೆದ, ಹೆಣ ಹೊತ್ತು ನಡೆಯುವ ವಿಕ್ರಮನ ಒಂದು ಚಿತ್ರ ದಶಕಗಳ ಕಾಲ ಎಷ್ಟು ಮಕ್ಕಳ ನಿದ್ದೆ ಕದ್ದಿದೆಯೋ! ಆದರೆ ಇವೆಲ್ಲ ಓದಲು ಬಂದ ಮಕ್ಕಳಿಗೆ. ಮೂರರಿಂದ ಆರು ವರ್ಷದ, ಅಂಗನವಾಡಿಯ ವಯಸ್ಸಿನ ಮಗುವಿಗೆ ನಾವು ಕೊಟ್ಟದ್ದು ಪದ್ಯ ಮತ್ತು ಅಕ್ಷರಮಾಲೆಯ ಚಾರ್ಟು. ಚಿತ್ರಗಾರನಿಗೆ ನಾವು ಕೊಡುವ ಮರ್ಯಾದೆಯೂ ಅಷ್ಟಕ್ಕಷ್ಟೆ. ಅಮೆರಿಕದಲ್ಲಿ 1938ರಿಂದ ಚಿತ್ರಪುಸ್ತಕದ ಕಲಾವಿದರಿಗೆಂದೇ ಕಾಲ್ಡೆಕಾಟ್ ಪದಕವಿದೆ. ನಮ್ಮ ಸಾಹಿತ್ಯ ಅಕಾಡೆಮಿ 2010ರಲ್ಲಿ ಶುರುಮಾಡಿದ ಬಾಲ ಸಾಹಿತ್ಯ ಪುರಸ್ಕಾರ ಬರೆದವರಿಗೆ ಮಾತ್ರ. ಎಷ್ಟೋ ಪುಸ್ತಕಗಳ ಒಳಪುಟದಲ್ಲಿ ಡಿ.ಟಿ.ಪಿ. ಮಾಡಿದವರ ಹೆಸರಿರುತ್ತದೆ, ಚಿತ್ರ ಬರೆದವರದು ಇರುವುದಿಲ್ಲ.

ಪ್ರಕಾಶಕರು ಹೇಳುವ ಕಾರಣ ಹಣ, ಅದು ನೆಪವಲ್ಲ. ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣ, ದಪ್ಪ ಕಾಗದ, 16 ಅಥವಾ 24 ಪುಟ. ಪುಟ ಕಡಿಮೆ ಎಂದು ಕೊಳ್ಳುವವರು ಬೆಲೆಯನ್ನೂ ಕಡಿಮೆ ನಿರೀಕ್ಷಿಸುತ್ತಾರೆ. ಖರ್ಚಿನ ದೊಡ್ಡ ಪಾಲು ಪ್ಲೇಟು ಮಾಡಿ ಯಂತ್ರಕ್ಕೆ ಏರಿಸುವ ತನಕ, ಪ್ರತಿಗಳು ಹೆಚ್ಚಿದಷ್ಟೂ ಒಂದೊಂದರ ಬೆಲೆ ಇಳಿಯುತ್ತದೆ. ಕನ್ನಡದಲ್ಲಿ ಪ್ರತಿಗಳ ಸಂಖ್ಯೆಯೇ ಕಡಿಮೆ. ಇದಕ್ಕೆ ಮುದ್ರಣದವರು ಕಂಡುಕೊಂಡ ಉಪಾಯ ಜಾಣತನದ್ದು: ಚಿತ್ರದ ಬಣ್ಣಗಳನ್ನು ಎಲ್ಲ ಭಾಷೆಗಳಿಗೂ ಒಟ್ಟಿಗೆ ಅಚ್ಚು ಹಾಕುವುದು, ಮಾತನ್ನೆಲ್ಲ ಕಪ್ಪು ಶಾಯಿಯ ಪ್ಲೇಟಿನಲ್ಲಿಟ್ಟು ಭಾಷೆ ಬದಲಾದಾಗ ಆ ಒಂದನ್ನು ಮಾತ್ರ ಬದಲಿಸುವುದು. ನೆಹರೂ ಬಾಲ ಪುಸ್ತಕಾಲಯದಂಥ ಮಾಲೆಗಳು ಹಲವು ಭಾಷೆಗಳಲ್ಲಿ ಅಗ್ಗವಾಗಿ ಸಿಕ್ಕಿದ್ದರ ಹಿಂದೆ ಇಂಥ ಹಂಚಿಕೆಯ ಲೆಕ್ಕವಿದೆ. ನವಕರ್ನಾಟಕದ ಮಳಿಗೆಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದ ಸೋವಿಯತ್ ಮಕ್ಕಳ ಪುಸ್ತಕಗಳಿಗೆ ಒಂದು ದೊಡ್ಡ ಸರ್ಕಾರದ ಬೆನ್ನೊತ್ತೂ ಇತ್ತು, 1991ರಲ್ಲಿ ಆ ದೇಶದ ಜೊತೆಗೇ ಆ ಸುಗ್ಗಿಯೂ ಮುಗಿಯಿತು. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಇದೇ ಹಂಚಿಕೆಯನ್ನು ಇನ್ನೂ ಮುಂದಕ್ಕೆ ಒಯ್ದು, 2015ರಲ್ಲಿ ಸ್ಟೋರಿವೀವರ್ ಎಂಬ ವೇದಿಕೆಯಲ್ಲಿ ಪುಸ್ತಕಗಳನ್ನು ಮುಕ್ತ ಪರವಾನಗಿಯಡಿ ಬಿಟ್ಟಿತು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅನುವಾದಿಸಬಹುದು, ಅಚ್ಚು ಹಾಕಬಹುದು. ಚೆನ್ನೈನ ತೂಲಿಕಾ ಪ್ರಕಾಶನ ಕನ್ನಡ ಮತ್ತು ಇಂಗ್ಲಿಷನ್ನು ಒಂದೇ ಪುಟದಲ್ಲಿ ಕೊಟ್ಟು, ಇಂಗ್ಲಿಷ್ ಬೇಕೆನ್ನುವ ತಂದೆತಾಯಿಗೆ ಕನ್ನಡವನ್ನೂ ಮಾರಿತು. ವ್ಯಾಪಾರದ ಜಾಣ್ಮೆಯೇ ಇರಲಿ, ಮೆಚ್ಚಬೇಕು.

ಆದರೆ ಹಂಚಿಕೆಗೆ ತೆರುವ ಬೆಲೆಯೂ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿತ್ರ ಬರೆಯುವಾಗ ಮಾತಿಗೆ ಬಿಟ್ಟ ಜಾಗ ಬಹುಪಾಲು ಇಂಗ್ಲಿಷಿನ ಅಳತೆಯದು. ಕನ್ನಡದ ಪದ ಉದ್ದ, ಒತ್ತಕ್ಷರ ಕೆಳಗೆ ಇಳಿಯುತ್ತದೆ, ಸಾಲುಗಳ ನಡುವೆ ಹೆಚ್ಚು ತೆರಪು ಬೇಕು. ಆ ಜಾಗದಲ್ಲಿ ಕನ್ನಡವನ್ನು ತುರುಕಿದರೆ ಅಕ್ಷರ ಸಣ್ಣದಾಗುತ್ತದೆ, ಆಗಷ್ಟೇ ಅಕ್ಷರ ಗುರುತಿಸುತ್ತಿರುವ ಕಣ್ಣಿಗೆ 'ತ್ತ' ಯಾವುದು 'ತ್ರ' ಯಾವುದು ತಿಳಿಯದು. ಇನ್ನು ಮಾತಿನ ರೀತಿ. ಎಲ್ಲರಿಗೂ ಆಗಲಿ ಎಂದು ಮಾಡಿದ ಅನುವಾದ ಯಾರ ನಾಲಿಗೆಯದೂ ಆಗದೆ ಉಳಿಯುತ್ತದೆ. ಚಿತ್ರದ ಊರೂ ಹಾಗೆಯೇ. ಎಲ್ಲ ರಾಜ್ಯಕ್ಕೂ ಸಲ್ಲುವ ಒಂದು ಹಳ್ಳಿ, ಒಂದು ಗುಡಿಸಲು, ಒಂದು ಬಾವಿ, ತಲೆಗೆ ಪೇಟ ಸುತ್ತಿದ ತಾತ. ಮಂಡ್ಯ ಸೀಮೆಯ ನಾಲೆ, ಜಗುಲಿ, ಹೆಂಚಿನ ತೊಟ್ಟಿಮನೆ ಅಲ್ಲಿ ಬರುವುದು ಅಪರೂಪ. ಇದಕ್ಕೆ ವಿರುದ್ಧವಾದ ಒಳ್ಳೆಯ ಉದಾಹರಣೆಯೂ ಇದೆ. ರೋಹಿಣಿ ನಿಲೇಕಣಿಯವರು ಬರೆದು ಆಂಜಿ ಮತ್ತು ಉಪೇಶ್ ಚಿತ್ರಿಸಿದ ಕಥೆಯಲ್ಲಿ ವರ್ಷಕ್ಕೊಮ್ಮೆ ಕ್ಷೌರ ಮಾಡಿಸಿಕೊಳ್ಳಲು ಹೊರಡುವ ರೈತ ಶೃಂಗೇರಿಯವನು, ಹೆಸರು ಶ್ರೀನಿವಾಸ. ಒಂದು ಊರಿಗೆ ಸೇರಿದವನಾದ್ದರಿಂದಲೇ ಅವನು ಎಲ್ಲ ಊರಿನ ಮಕ್ಕಳನ್ನೂ ನಗಿಸಬಲ್ಲ.

ಅಕ್ಷರ ಕಲಿಸುವುದು ಬಿಟ್ಟು ಚಿತ್ರ ತೋರಿಸುತ್ತ ಕೂತರೆ ಹೇಗೆ, ಪಕ್ಕದ ಕಾನ್ವೆಂಟಿನಲ್ಲಿ ಯು.ಕೆ.ಜಿ. ಮಕ್ಕಳು ವಾಕ್ಯ ಬರೆಯುತ್ತಿದ್ದಾರಲ್ಲ ಎನ್ನುವುದು ತಂದೆತಾಯಿಯ ಆತಂಕ. ಆನೆ, ಇಲಿ, ಋಷಿ, ಒಂಟೆ ಇರುವ ಚಾರ್ಟು ಅವರ ದೃಷ್ಟಿಯಲ್ಲಿ ಸಾಕಾದ ಚಿತ್ರ. ಆ ಚಾರ್ಟಿನ ಮೂಲಪುರುಷ ಕೊಮೆನಿಯಸ್ 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚು ಹಾಕಿಸಿದ ಚಿತ್ರಜಗತ್ತಿನ ಪುಸ್ತಕ. ಅದರಲ್ಲಿ ವಸ್ತುವಿಗೊಂದು ಅಂಕಿ, ಅಂಕಿಗೊಂದು ಪದ. ಅದು ಲೇಬಲ್ಲು. ಲೇಬಲ್ಲಿನಿಂದ ಹೆಸರು ತಿಳಿಯುತ್ತದೆ, ಕಥೆ ಹುಟ್ಟುವುದಿಲ್ಲ, ಒಂಟೆ ಎಲ್ಲಿಗೆ ಹೊರಟಿದೆ ಎಂದು ಯಾರೂ ಕೇಳುವುದಿಲ್ಲ. ಕೇಳುವುದರಿಂದ ಏನಾಗುತ್ತದೆ ಎಂಬುದಕ್ಕೆ ಸಾಕ್ಷ್ಯವಿದೆ. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಎರಡು ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಗೆ ಚಿತ್ರಪುಸ್ತಕ ಓದುವಾಗ ಪ್ರಶ್ನೆ ಕೇಳಿ, ಮಗುವಿನ ಮಾತನ್ನು ಬೆಳೆಸಿ ಹೇಳುವುದನ್ನು ಕಲಿಸಿದರು. ಒಂದೇ ತಿಂಗಳಲ್ಲಿ ಆ ಮಕ್ಕಳು ಮಾತಿನ ಪರೀಕ್ಷೆಯೊಂದರಲ್ಲಿ ಉಳಿದವರಿಗಿಂತ ಎಂಟು ತಿಂಗಳಿಗೂ ಹೆಚ್ಚು ಮುಂದಿದ್ದರು. ಕೆಲವೇ ಅನುಕೂಲಸ್ಥ ಕುಟುಂಬಗಳ ಮೇಲಿನ ಪ್ರಯೋಗ, ಹಾಗೆಯೇ ನಮ್ಮೂರಿಗೆ ಅನ್ವಯಿಸಲಾಗದು. 2015ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಸಂಶೋಧಕರು 100 ಚಿತ್ರಪುಸ್ತಕಗಳ ಪದಗಳನ್ನು ದೊಡ್ಡವರು ಮಕ್ಕಳೊಂದಿಗೆ ಆಡುವ ಮಾತಿಗೆ ಹೋಲಿಸಿದಾಗ, ಪದಗಳ ವೈವಿಧ್ಯ ಪುಸ್ತಕದಲ್ಲೇ ಹೆಚ್ಚೆಂದು ಕಂಡಿತು. ಬಾ, ತಿನ್ನು, ಮಲಗು ಎಂಬುದರಾಚೆಯ ಮಾತು ಮನೆಗೆ ಬರುವ ದಾರಿಗಳಲ್ಲಿ ಪುಸ್ತಕವೂ ಒಂದು. ಇಷ್ಟು ದೂರ ಹೋಗದೆ ಪಕ್ಕದ ಜಿಲ್ಲೆಯನ್ನೇ ನೋಡಬಹುದು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಮಗು ತನ್ನ ಕಾರ್ಡನ್ನು ಹುಡುಕಿಕೊಳ್ಳುವುದು ಅಕ್ಷರದಿಂದಲ್ಲ, ಅದರ ಮೇಲಿನ ಪ್ರಾಣಿಪಕ್ಷಿಯ ಚಿಹ್ನೆಯಿಂದ. ಚಿತ್ರ ಓದಬಲ್ಲ ಮಗು ತನ್ನ ಪಾಠವನ್ನು ತಾನೇ ಆರಿಸಿಕೊಳ್ಳುತ್ತದೆ ಎಂಬ ನಂಬಿಕೆ ಸರ್ಕಾರಿ ಶಾಲೆಯೊಳಗೇ ಮೂರು ದಶಕಗಳಿಂದ ಇದೆ.

ನನ್ನ ವಾದಕ್ಕೆ ಅಡ್ಡ ಬರುವ ಸಾಕ್ಷ್ಯವನ್ನೂ ಹೇಳಬೇಕು. ಆಗಷ್ಟೇ ಸ್ವಂತವಾಗಿ ಓದಲು ಕಲಿಯುತ್ತಿರುವ ಮಕ್ಕಳ ಬಗ್ಗೆ 2020ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಪುಟದಿಂದ ಅನಗತ್ಯ ಚಿತ್ರವಿವರಗಳನ್ನು ತೆಗೆದಾಗ ಮಕ್ಕಳ ಕಣ್ಣು ಮಾತಿನ ಮೇಲೆ ಹೆಚ್ಚು ನಿಂತಿತು, ಕಥೆಯೂ ಚೆನ್ನಾಗಿ ಅರ್ಥವಾಯಿತು. ಹಾಗಾದರೆ ಚಿತ್ರ ಅಡ್ಡಿಯೇ? ಅವರು ತೆಗೆದದ್ದು ಕಥೆಗೆ ಸಂಬಂಧವಿಲ್ಲದ ಅಲಂಕಾರವನ್ನು ಎಂಬುದನ್ನು ಗಮನಿಸಬೇಕು. ಮೂಲೆಯಲ್ಲೊಂದು ಚಿಟ್ಟೆ, ಆಕಾಶದಲ್ಲಿ ನಗುವ ಸೂರ್ಯ, ಎಲ್ಲೆಲ್ಲೂ ಹೂವು, ಕಂಪ್ಯೂಟರಿನಲ್ಲಿ ಸಿಕ್ಕಿದ್ದನ್ನೆಲ್ಲ ಎತ್ತಿ ಅಂಟಿಸಿದ ಪುಟ: ನಮ್ಮ ಅಗ್ಗದ ಮಕ್ಕಳ ಪುಸ್ತಕಗಳ ಕಾಯಿಲೆಯೇ ಇದು. ಚಿತ್ರವನ್ನು ಸಿಹಿಲೇಪವೆಂದು ತಿಳಿದವರು ಹೆಚ್ಚು ಲೇಪಿಸುತ್ತಾರೆ. ಚಿತ್ರವೂ ಕಥೆ ಹೇಳುತ್ತದೆ ಎಂದು ತಿಳಿದವರು ಬೇಡದ ಗೆರೆಯನ್ನು ಎಳೆಯುವುದಿಲ್ಲ. ಮೊಬೈಲಿನ ಪ್ರಶ್ನೆಗೂ ಇದರಲ್ಲೇ ಉತ್ತರದ ಎಳೆ ಇದೆ. ಅಲ್ಲಿ ಚಿತ್ರ ಓಡುತ್ತದೆ, ಮಗು ಹಿಂಬಾಲಿಸಬೇಕು. ಪುಸ್ತಕದಲ್ಲಿ ಚಿತ್ರ ನಿಂತಿರುತ್ತದೆ, ಮಗು ಬೇಕಾದಷ್ಟು ಹೊತ್ತು ನಿಲ್ಲಬಹುದು, ಹಿಂದಿನ ಪುಟಕ್ಕೆ ಹೋಗಿ ನರಿ ಆಗಲೇ ಇತ್ತೇ ಎಂದು ನೋಡಿ ಬರಬಹುದು.

ಇಲ್ಲಿನ ಪುಸ್ತಕ ಹೇಗಿರಬಹುದು? ಒಂದು ಭಯವಿದೆ: ಸ್ಥಳೀಯ ಎಂದ ಕೂಡಲೇ ನಮ್ಮವರು ಪ್ರವಾಸೋದ್ಯಮದ ಕೈಪಿಡಿ ಬರೆಯಲು ಕೂರುತ್ತಾರೆ. ರಂಗನತಿಟ್ಟಿಗೆ ಎಷ್ಟು ಜಾತಿಯ ಹಕ್ಕಿ ಬರುತ್ತದೆ, ಕನ್ನಂಬಾಡಿ ಕಟ್ಟೆಯ ಎತ್ತರವೆಷ್ಟು ಎಂಬುದೆಲ್ಲ ಸಾಮಾನ್ಯಜ್ಞಾನದ ಪ್ರಶ್ನೆಪತ್ರಿಕೆಗೆ ಇರಲಿ. ಇನ್ನೊಂದು ಭಯ ನೀತಿಯದು, ಕೊನೆಯ ಪುಟದಲ್ಲಿ ಹಿರಿಯರ ಮಾತು ಕೇಳಬೇಕೆಂದು ಮೊಲವೊಂದು ಕಲಿಯದೆ ನಮ್ಮ ಮಕ್ಕಳ ಕಥೆ ಮುಗಿಯುವುದಿಲ್ಲ. ಬದಲಿಗೆ ಇದನ್ನು ಯೋಚಿಸಿ. ಮಾತು ಹೇಳುವುದು ಇಷ್ಟೇ: ಕಬ್ಬು ತುಂಬಿದ ಟ್ರ್ಯಾಕ್ಟರು ನಾಗಮಂಗಲದ ಕಡೆಯಿಂದ ಹೊರಟಿತು, ಊರು ದಾಟಿತು, ಕೆರೆ ಏರಿ ಹತ್ತಿತು, ನಾಲೆ ದಾಟಿತು, ಪಾಂಡವಪುರದ ಕಾರ್ಖಾನೆಗೆ ಬಂತು. ಚಿತ್ರದಲ್ಲಿ ಪುಟಪುಟಕ್ಕೂ ಹಿಂದಿನಿಂದ ಯಾರೋ ಜಲ್ಲೆ ಎಳೆಯುತ್ತಿದ್ದಾರೆ. ಮೊದಲು ಹುಡುಗರು, ಆಮೇಲೆ ಒಂದು ಮೇಕೆ, ಆಮೇಲೆ ಶಾಲೆಯ ಮೇಷ್ಟ್ರು, ಕೊನೆಗೆ ಮೇಲುಕೋಟೆಯ ಕೋತಿಗಳು. ಮುಂದೆ ನೋಡುತ್ತ ಕೂತ ಡ್ರೈವರಣ್ಣನಿಗೆ ಏನೂ ಗೊತ್ತಿಲ್ಲ, ಮಗುವಿಗೆ ಎಲ್ಲ ಗೊತ್ತು. ನೀತಿವಂತರು ಇದನ್ನು ಕಳ್ಳತನ ಕಲಿಸುವ ಪುಸ್ತಕ ಎಂದಾರು. ಬೆಣ್ಣೆ ಕದ್ದವನನ್ನು ಭಾಗವತದ ಪಟ್ಟಿಕೆಯಲ್ಲಿ ನೋಡಿ ಕೈಮುಗಿದು ಬರುವ ಜನ ನಾವು, ಒಂದು ಜಲ್ಲೆ ಕಬ್ಬನ್ನು ಸಹಿಸಿಕೊಳ್ಳಬಹುದು.

ಪುಸ್ತಕ ಇದ್ದರೂ ಕೈಗೆ ಸಿಗಬೇಕಲ್ಲ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರು ಸಕ್ಕರೆ ಕಾರ್ಖಾನೆಯ ನೌಕರಿ ಮಾಡುತ್ತ, ದಶಕಗಳ ಕಾಲ ಕೂಡಿಹಾಕಿದ ಲಕ್ಷಗಟ್ಟಲೆ ಪುಸ್ತಕಗಳ 'ಪುಸ್ತಕ ಮನೆ' ಇದೆ. ಒಬ್ಬ ಮನುಷ್ಯನ ಹುಚ್ಚು ಒಂದು ಸೀಮೆಗೆ ಏನು ಕೊಡಬಲ್ಲದು ಎಂಬುದಕ್ಕೆ ಅದು ಮಾದರಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ, 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಶಾಲಾ ಮಕ್ಕಳನ್ನು ಅಲ್ಲಿಗೆ ಉಚಿತವಾಗಿ ಸದಸ್ಯರನ್ನಾಗಿ ಸೇರಿಸಿತು. ಶಾಲೆಗೆ ಇನ್ನೂ ಸೇರದವರ ಸರದಿ ಬಂದಿಲ್ಲ. ಅವರ ಪುಸ್ತಕಗಳನ್ನು ಬೆನ್ನು ಕಾಣುವಂತೆ ಜೋಡಿಸಿಟ್ಟರೆ ಪ್ರಯೋಜನವಿಲ್ಲ. ಅಕ್ಷರ ಬಾರದವರಿಗೆ ಪುಸ್ತಕದ ಬೆನ್ನು ಬರೀ ಒಂದು ಗೆರೆ, ಮುಖಪುಟ ಕಾಣಬೇಕು, ಅದೂ ನೆಲದಿಂದ ಎರಡು ಅಡಿ ಎತ್ತರದಲ್ಲಿ. ಒಂದು ಹಗ್ಗ ಕಟ್ಟಿ ನೇತುಹಾಕಿದರೂ ಆದೀತು. ಹರಿದರೆ ಯಾರು ಲೆಕ್ಕ ಕೊಡುವುದು ಎಂಬ ಭಯಕ್ಕೆ ಒಳ್ಳೆಯ ಪುಸ್ತಕಗಳು ಬೀರುವಿನೊಳಗೆ ಹೊಸದಾಗಿಯೇ ಉಳಿದು ಗೆದ್ದಲಿಗೆ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಂಗನವಾಡಿ ಕಾರ್ಯಕರ್ತೆಯನ್ನೂ ಗ್ರಂಥಪಾಲಕರನ್ನೂ ಈ ಭಯದಿಂದ ಬಿಡಿಸುವುದು ಜಿಲ್ಲಾ ಪಂಚಾಯಿತಿಯ ಒಂದು ಸುತ್ತೋಲೆಯಿಂದ ಆಗುವ ಕೆಲಸ. ದಾಸ್ತಾನು ಪುಸ್ತಕದಲ್ಲಿ 'ಕಳೆದುಹೋದದ್ದು', 'ಹಾಳಾದದ್ದು' ಎಂಬ ಕಲಂಗಳ ಪಕ್ಕಕ್ಕೆ ಇನ್ನೊಂದು ಕಲಂ ಸೇರಿಸಲಿ: ಮಕ್ಕಳು ಓದಿ ಹರಿದದ್ದು. ಆ ಕಲಂ ಖಾಲಿ ಇರುವ ಕೇಂದ್ರದವರಿಂದ ವಿವರಣೆ ಕೇಳಲಿ.